ರೈಲು ಬಾರದ ಊರುಗಳ ಜಮಾ-ಖರ್ಚು



ಬೆಂಗಳೂರಿನ ಕಡೆಯಿಂದ ಬಂದ ರೈಲು ಹಳಿ ದಾವಣಗೆರೆಯನ್ನು ಹಾಯ್ದು ಹರಿಹರ ಮುಟ್ಟಿದ್ದು 1889ರಲ್ಲಿ. ಹತ್ತು ವರ್ಷಗಳ ಬಳಿಕ, 1899ರಲ್ಲಿ, ಬೀರೂರಿನಿಂದ ಇನ್ನೊಂದು ಕವಲು ಶಿವಮೊಗ್ಗಕ್ಕೆ ಹೋಯಿತು. ಈ ಎರಡು ಹಳಿಗಳ ನಡುವಿನ ಸೀಮೆಯಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಉಳಿದುಹೋದವು. ಅತ್ತ ಬಯಲುಸೀಮೆಯಲ್ಲಿ ಜಗಳೂರು ಉಳಿಯಿತು. ದಾವಣಗೆರೆ ಜಿಲ್ಲೆಯ ಆರು ತಾಲ್ಲೂಕುಗಳ ಪೈಕಿ ಈ ನಾಲ್ಕರ ಕೇಂದ್ರಗಳಿಗೆ ಇಂದಿಗೂ ರೈಲಿಲ್ಲ. ಬಸ್ಸು, ಲಾರಿ, ಟೆಂಪೋಗಳೇ ಗತಿ.

ರೈಲು ಏಕಿಲ್ಲ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ: ‘ಲಾಭವಿಲ್ಲ’. ಯಾರಿಗೆ ಲಾಭವಿಲ್ಲ, ಯಾವ ಪುಸ್ತಕದ ಲೆಕ್ಕದಲ್ಲಿ ಲಾಭವಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ಕಡಿಮೆ. ರಸ್ತೆ, ಸೇತುವೆ, ರೈಲುಗಳಿಗೆ ಹಣ ಹೂಡುವ ಮುನ್ನ ಮಾಡುವ ವೆಚ್ಚ-ಲಾಭ ವಿಶ್ಲೇಷಣೆಯ ಮರ್ಮವೆಲ್ಲ ಈ ಪ್ರಶ್ನೆಯಲ್ಲಿಯೇ ಅಡಗಿದೆ.

ಲೆಕ್ಕದಲ್ಲಿ ಎರಡು ಬಗೆ. ಟಿಕೆಟ್ಟು, ಸಾಗಣೆ ದರಗಳಿಂದ ತನ್ನ ಬೊಕ್ಕಸಕ್ಕೆ ಎಷ್ಟು ಬಂದೀತು ಎಂದು ಇಲಾಖೆ ನೋಡುವುದು ಹಣಕಾಸಿನ ಲೆಕ್ಕ. ಹೊಸ ಮಾರ್ಗಕ್ಕೆ ಹೂಡಿದ ಹಣದ ಮೇಲೆ ಶೇ 14ರಷ್ಟು ಪ್ರತಿಫಲ ಬರಬೇಕೆಂಬುದು ರೈಲ್ವೆಯ ಬಹುಕಾಲದ ಮಾನದಂಡವಾಗಿತ್ತು. ಇಡೀ ಸಮಾಜಕ್ಕೆ ಆಗುವ ಪ್ರಯೋಜನವನ್ನು ಇಡೀ ಸಮಾಜ ತೆರುವ ಬೆಲೆಯೊಡನೆ ತೂಗುವುದು ಆರ್ಥಿಕ ಲೆಕ್ಕ. ಲಂಡನ್ನಿನ ವಿಕ್ಟೋರಿಯಾ ನೆಲದಡಿ ರೈಲು ಮಾರ್ಗವನ್ನು 1963ರಲ್ಲಿ ಫಾಸ್ಟರ್ ಮತ್ತು ಬೀಸ್ಲಿ ಎಂಬ ಅರ್ಥಶಾಸ್ತ್ರಜ್ಞರು ಹೀಗೆ ತೂಗಿದರು. ಟಿಕೆಟ್ಟಿನ ಲೆಕ್ಕದಲ್ಲಿ ಆ ಮಾರ್ಗ ನಷ್ಟದ್ದು. ಸಮಾಜದ ಲೆಕ್ಕದಲ್ಲಿ ಲಾಭದ್ದು. ರೈಲು ಹತ್ತದೆ ರಸ್ತೆಯಲ್ಲೇ ಉಳಿದವರಿಗೂ ದಟ್ಟಣೆ ಕಡಿಮೆಯಾದ್ದರಿಂದ ಬಹುದೊಡ್ಡ ಲಾಭವಾಗುವಂತಿತ್ತು.

ಈ ವಿಚಾರ ಇನ್ನೂ ಹಳೆಯದು. 1844ರಲ್ಲಿ ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ವಿ, ಸೇತುವೆಯ ಸುಂಕದಿಂದ ಅದರ ಉಪಯೋಗವನ್ನು ಅಳೆಯಲಾಗದು ಎಂದು ತೋರಿಸಿದ. ಒಂದು ಕಾಸು ಕೊಟ್ಟು ದಾಟುವವನು ಅಗತ್ಯ ಬಿದ್ದರೆ ಐದು ಕಾಸನ್ನೂ ಕೊಟ್ಟಾನು. ಉಳಿದ ನಾಲ್ಕು ಕಾಸು ಅವನಿಗೆ ದಕ್ಕಿದ ಲಾಭ. 1936ರಲ್ಲಿ ಅಮೆರಿಕ ತನ್ನ ಪ್ರವಾಹ ನಿಯಂತ್ರಣ ಕಾಯ್ದೆಯಲ್ಲಿ, ಲಾಭ ಯಾರಿಗೇ ಸಂದರೂ ಅದು ವೆಚ್ಚವನ್ನು ಮೀರಬೇಕೆಂಬ ತತ್ವವನ್ನು ಬರೆದುಕೊಂಡಿತು. 1972ರಲ್ಲಿ ವಿಶ್ವಸಂಸ್ಥೆಯ ಕೈಗಾರಿಕಾಭಿವೃದ್ಧಿ ಸಂಸ್ಥೆಗಾಗಿ ಪಾರ್ಥ ದಾಸ್‌ಗುಪ್ತ, ಸ್ಟೀಫನ್ ಮಾರ್ಗ್ಲಿನ್ ಮತ್ತು ಅಮರ್ತ್ಯ ಸೇನ್ ಬಡದೇಶಗಳಿಗೆ ಹೊಂದುವ ಕೈಪಿಡಿ ಸಿದ್ಧಪಡಿಸಿದರು. ಹೆದ್ದಾರಿ ಯೋಜನೆಗಳನ್ನು ತೂಗಲು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1993ರಲ್ಲಿ ತನ್ನದೇ ಕೈಪಿಡಿ ತಂದಿತು.

ಲೆಕ್ಕ ಹೇಗೆ ನಡೆಯುತ್ತದೆಂದು ನೋಡಲು ಹೊನ್ನಾಳಿಯ ಕಡೆ ಹೋಗೋಣ. ಅದು ತುಂಗಭದ್ರೆಯ ದಡದ ಊರು. ನದಿಗೆ ಸೇತುವೆಯಿಲ್ಲದ ಜಾಗದಲ್ಲಿ ಎದುರು ದಡದ ಹಳ್ಳಿ ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ಅಂಥ ಒಂದು ಕಡೆ 20 ಕೋಟಿ ರೂಪಾಯಿಯ ಸೇತುವೆಯನ್ನು ಊಹಿಸಿಕೊಳ್ಳಿ. ದಿನಕ್ಕೆ 1,000 ವಾಹನಗಳಿಗೆ ತಲಾ 10 ಕಿ.ಮೀ. ಸುತ್ತು ತಪ್ಪುತ್ತದೆ, ಕಿ.ಮೀ.ಗೆ 10 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ ಒಂದು ಲಕ್ಷ, ವರ್ಷಕ್ಕೆ 3.65 ಕೋಟಿ ಉಳಿತಾಯ. ಸೇತುವೆಯ ಆಯುಸ್ಸು 30 ವರ್ಷ ಎನ್ನಿ.

ಮೂವತ್ತರಿಂದ ಗುಣಿಸಿದರೆ ಮುಗಿಯಿತೇ? ಇಲ್ಲ. ಇಂದು ಕೈಯಲ್ಲಿರುವ ನೂರು ರೂಪಾಯಿಗೂ ಮುಂದೆಂದೋ ಬರುವ ನೂರು ರೂಪಾಯಿಗೂ ಬೆಲೆ ಒಂದೇ ಅಲ್ಲ. ಹೀಗಾಗಿ ಬಡ್ಡಿಯನ್ನು ಹಿಮ್ಮುಖವಾಗಿ ಹಾಕಿ, ಮುಂದಿನ ಲಾಭವನ್ನು ಇಂದಿನ ಬೆಲೆಗೆ ಇಳಿಸಬೇಕು. ಇದಕ್ಕೆ ಡಿಸ್ಕೌಂಟ್ ದರ ಎಂದು ಹೆಸರು. ಭಾರತದ ಹೆದ್ದಾರಿ ಯೋಜನೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಶೇ 12. ಆ ದರದಲ್ಲಿ 30 ವರ್ಷಗಳ ಬಳಿಕ ಬರುವ ನೂರು ರೂಪಾಯಿಯ ಇಂದಿನ ಬೆಲೆ ಮೂರು ರೂಪಾಯಿ ಚಿಲ್ಲರೆ.

ಹಾಗೆ ಇಳಿಸಿದಾಗ ಸೇತುವೆಯ ಒಟ್ಟು ಲಾಭ ಸುಮಾರು 29 ಕೋಟಿ. ವೆಚ್ಚ 20 ಕೋಟಿ. ಕಟ್ಟಬಹುದು. ಓಡಾಡುವ ವಾಹನಗಳು 1,000ದ ಬದಲು 600 ಆದರೆ ಲಾಭ 17.6 ಕೋಟಿಗೆ ಇಳಿಯುತ್ತದೆ. ಕಟ್ಟಬಾರದು. ಅದೇ 600 ವಾಹನಗಳನ್ನಿಟ್ಟುಕೊಂಡು ದರವನ್ನು ಶೇ 12ರಿಂದ 8ಕ್ಕೆ ತಂದರೆ ಲಾಭ 24 ಕೋಟಿ ದಾಟುತ್ತದೆ. ಮತ್ತೆ ಕಟ್ಟಬಹುದು! ನದಿಯೂ ಬದಲಾಗಲಿಲ್ಲ, ಜನವೂ ಬದಲಾಗಲಿಲ್ಲ. ಬದಲಾದದ್ದು ಕಾಗದದ ಮೇಲಿನ ಒಂದು ಅಂಕಿ. ಆ ಅಂಕಿಯನ್ನು ಆರಿಸುವುದು ಗಣಿತವಲ್ಲ, ತೀರ್ಮಾನ.

ಇನ್ನು ವೆಚ್ಚದ ಕಡೆ. ಚನ್ನಗಿರಿ ಅಡಿಕೆಯ ಸೀಮೆ. ತೋಟ ಫಲಕ್ಕೆ ಬರಲು ಐದಾರು ವರ್ಷ ಬೇಕು. ರಸ್ತೆಯೋ ಹಳಿಯೋ ತೋಟವನ್ನು ಸೀಳಿ ಹೋದರೆ ಕಳೆಯುವುದು ಬರೀ ನೆಲವಲ್ಲ, ಬರಲಿದ್ದ ಹಲವು ವರ್ಷಗಳ ಫಸಲು. ಆದರೆ ಕರ್ನಾಟಕದ ಕೆಲವು ರೈಲು ಯೋಜನೆಗಳ ಕರಾರಿನಲ್ಲಿ ‘ರಾಜ್ಯ ಸರ್ಕಾರ ಭೂಮಿಯನ್ನು ಉಚಿತವಾಗಿ ಕೊಡತಕ್ಕದ್ದು’ ಎಂದಿರುತ್ತದೆ. 2011-12ರಲ್ಲಿ ಮಂಜೂರಾದ ತುಮಕೂರು-ಚಿತ್ರದುರ್ಗ-ದಾವಣಗೆರೆ ಮಾರ್ಗವೂ ಹಾಗೆಯೇ: ಭೂಮಿ ರಾಜ್ಯದ್ದು, ಕಾಮಗಾರಿಯ ವೆಚ್ಚ ಅರ್ಧರ್ಧ. ಇದರಿಂದ ರೈಲ್ವೆಯ ಪುಸ್ತಕದಲ್ಲಿ ವೆಚ್ಚ ತಗ್ಗುತ್ತದೆ, ನಿಜ. ಸಮಾಜದ ಪುಸ್ತಕದಲ್ಲಿ ಒಂದು ಪೈಸೆಯೂ ತಗ್ಗುವುದಿಲ್ಲ. ಎಡಜೇಬಿನ ಖರ್ಚನ್ನು ಬಲಜೇಬಿಗೆ ವರ್ಗಾಯಿಸಿದಂತೆ ಅಷ್ಟೇ. ಉಚಿತ ಭೂಮಿ ಎಂಬುದು ಎಲ್ಲಿಯೂ ಇಲ್ಲ. ಯಾರೋ ಒಬ್ಬರು ಅದರ ಬೆಲೆ ತೆತ್ತಿರುತ್ತಾರೆ.

ನ್ಯಾಮತಿ ಕಲಿಸುವ ಪಾಠ ಬೇರೆ. 2018ಕ್ಕೆ ಮುಂಚೆ ಅದು ಹೊನ್ನಾಳಿ ತಾಲ್ಲೂಕಿನ ಭಾಗ. ಪಹಣಿ, ಖಾತೆ, ಸರ್ಟಿಫಿಕೇಟು ಯಾವುದಕ್ಕಾದರೂ ತಾಲ್ಲೂಕು ಕಚೇರಿಗೆಂದು ಹೊನ್ನಾಳಿಗೆ ಹೋಗಬೇಕಿತ್ತು. ನ್ಯಾಮತಿ ತಾನೇ ತಾಲ್ಲೂಕಾದ ಮೇಲೆ ಆ ಸುತ್ತಿನ ಹಳ್ಳಿಗಳಿಗೆ ಆ ಪ್ರಯಾಣವೇ ಮೊಟಕಾಯಿತು. ಪ್ರಯಾಣವನ್ನು ಸುಲಭಗೊಳಿಸುವುದು ಒಂದು ದಾರಿ. ಪ್ರಯಾಣದ ಅಗತ್ಯವನ್ನೇ ತಪ್ಪಿಸುವುದು ಇನ್ನೊಂದು. ‘ಈ ಯೋಜನೆ ಬೇಕೇ ಬೇಡವೇ’ ಎಂದು ಕೇಳುವುದಕ್ಕಿಂತ ‘ಇದೇ ಹಣದಲ್ಲಿ ಬೇರೇನು ಆದೀತು’ ಎಂದು ಕೇಳುವುದೇ ಒಳ್ಳೆಯ ವಿಶ್ಲೇಷಣೆಯ ಲಕ್ಷಣ.

ಎಲ್ಲಕ್ಕಿಂತ ಕಠಿಣವಾದದ್ದು ಜಗಳೂರಿನ ಲೆಕ್ಕ. ಮಳೆಯನ್ನೇ ನಂಬಿದ, ಬರ ಕಂಡ ತಾಲ್ಲೂಕು. ರಸ್ತೆಬದಿಯಲ್ಲಿ ಕುಳಿತು ವಾಹನ ಎಣಿಸಿದರೆ ಸಂಖ್ಯೆ ಸಣ್ಣದೇ ಬರುತ್ತದೆ. ರಸ್ತೆ ಕೆಟ್ಟಿದ್ದರಿಂದ ಹೊರಡದೇ ಉಳಿದ ಬಾಣಂತಿಯನ್ನಾಗಲೀ, ಕಾಲೇಜು ಬಿಟ್ಟ ಹುಡುಗಿಯನ್ನಾಗಲೀ ಆ ಎಣಿಕೆ ಕಾಣುವುದಿಲ್ಲ. ಉಳಿದ ಸಮಯಕ್ಕೆ ಬೆಲೆ ಕಟ್ಟುವಾಗ ಆದಾಯವನ್ನೇ ಅಳತೆಗೋಲಾಗಿಸಿದರೆ, ಕಾರಿನಲ್ಲಿ ಹೋಗುವವರ ಒಂದು ಗಂಟೆ ಕೂಲಿ ಹೆಣ್ಣುಮಗಳ ಇಡೀ ದಿನಕ್ಕಿಂತ ಭಾರವಾಗಿ ತೂಗುತ್ತದೆ. ಹಾಗಾದಾಗ ರಸ್ತೆ ಇರುವಲ್ಲಿಗೇ ಮತ್ತೆ ರಸ್ತೆ ಹೋಗುತ್ತದೆ.

ಇದಕ್ಕೆ ಮದ್ದು ಇಲ್ಲದಿಲ್ಲ. ಬಡವರಿಗೆ ಸಲ್ಲುವ ಒಂದು ರೂಪಾಯಿ ಲಾಭಕ್ಕೆ ಹೆಚ್ಚು ತೂಕ ಕೊಡಬಹುದೆಂದು 1972ರ ಆ ಕೈಪಿಡಿಯೇ ಹೇಳಿತ್ತು. ಕೆಲಸವಿಲ್ಲದ ಸೀಮೆಯಲ್ಲಿ ಕಾಮಗಾರಿಗೆ ಬರುವ ಕೂಲಿಯವನು ಬೇರೆ ಉತ್ಪಾದನೆಯನ್ನು ಬಿಟ್ಟು ಬಂದವನಲ್ಲ. ಆದ್ದರಿಂದ ಅವನ ಕೂಲಿಯನ್ನು ಸಮಾಜದ ಲೆಕ್ಕದಲ್ಲಿ ಪೂರ್ತಿ ವೆಚ್ಚವೆಂದು ಹಿಡಿಯಬೇಕಿಲ್ಲ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಇನ್ನೂ ಮುಂದೆ ಹೋಗಿ, ಬಯಲುಸೀಮೆಯಲ್ಲಿ 500 ಜನರಿರುವ ಊರಿಗೆ ಸರ್ವಋತು ರಸ್ತೆ ಬೇಕು ಎಂದಿತು. ಅಲ್ಲಿ ಎಣಿಕೆಗೆ ಬಂದದ್ದು ವಾಹನವಲ್ಲ, ಮನುಷ್ಯರು. ಇನ್ನು ಜಗಳೂರಿನ ರಂಗಯ್ಯನದುರ್ಗ ಅರಣ್ಯಧಾಮದ ಕೊಂಡುಕುರಿಗೆ ಬೆಲೆ ಕಟ್ಟುವ ಗೋಜಿಗೆ ಹೋಗದೆ, ಅದನ್ನು ದಾಟಬಾರದ ಗೆರೆಯೆಂದು ಒಪ್ಪಿಕೊಳ್ಳುವುದೇ ಲೇಸು.

ಹಾಗೆಂದು ಲೆಕ್ಕವನ್ನೇ ಬದಿಗಿಟ್ಟರೆ ಉಳಿಯುವುದು ಘೋಷಣೆ ಮಾತ್ರ. ಡೆನ್ಮಾರ್ಕಿನ ಬೆಂಟ್ ಫ್ಲುಬ್ಯಾರ್ಗ್ ಮತ್ತು ಸಂಗಡಿಗರು 2002ರಲ್ಲಿ 258 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿದಾಗ, ಅಂದಾಜಿಗಿಂತ ರೈಲು ಯೋಜನೆಗಳ ವೆಚ್ಚ ಸರಾಸರಿ ಶೇ 45ರಷ್ಟು, ರಸ್ತೆಗಳದ್ದು ಶೇ 20ರಷ್ಟು ಹೆಚ್ಚಾಗಿದ್ದುದು ಕಂಡುಬಂತು. ಯೋಜನೆ ಮಂಜೂರಾಗಲೆಂಬ ಆಸೆಯಲ್ಲಿ ಲಾಭವನ್ನು ಹಿಗ್ಗಿಸಿ ವೆಚ್ಚವನ್ನು ಕುಗ್ಗಿಸುವುದು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು, ಲೋಕದ ಎಲ್ಲ ಕಡೆಯೂ ಇದೆ.

ಆದ್ದರಿಂದ ಲೆಕ್ಕ ಬೇಕು, ಮತ್ತು ಅದು ಬೆಳಕಿನಲ್ಲಿ ಆಗಬೇಕು. ಜನರ ಮೇಲೆ ಪರಿಣಾಮ ಬೀರುವ ತೀರ್ಮಾನಗಳಿಗೆ ಸಂಬಂಧಿಸಿದ ಸಂಗತಿಗಳನ್ನು ಸರ್ಕಾರ ತಾನಾಗಿಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಎಷ್ಟು ವಾಹನ ಎಣಿಸಿದರು, ಯಾವ ದರ ಹಿಡಿದರು, ಯಾರ ತೋಟ ಹೋಗುತ್ತದೆ, ಯಾವ ಪರ್ಯಾಯವನ್ನು ತೂಗಿ ಬಿಟ್ಟರು ಎಂಬುದು ನಾಲ್ಕು ಪುಟದ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಬಂದರೆ, ಚನ್ನಗಿರಿಯ ತೋಟದವರೂ ಜಗಳೂರಿನ ಕೂಲಿಯವರೂ ತಮ್ಮ ಹೆಸರು ಜಮಾ ಕಡೆ ಇದೆಯೋ, ಖರ್ಚಿನ ಕಡೆ ಇದೆಯೋ, ಅಥವಾ ಎಲ್ಲಿಯೂ ಇಲ್ಲವೋ ಎಂದು ಓದಿ ತಿಳಿದುಕೊಳ್ಳಬಲ್ಲರು.