ಇಗರ್ಜಿಯ ಕಾಡೂ ದೇವರ ಕಾನೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಕ್ರೈಸ್ತರ ದೇವಾಲಯಗಳಿಗೂ ಪ್ರಕೃತಿಯ ಪಾಲನೆಗೂ ಇರುವ ಸಂಬಂಧವನ್ನು ಕುರಿತು ನಾಲ್ಕು ಮಾತುಗಳನ್ನು ಇಂದು ಅರಿಕೆ ಮಾಡಬೇಕೆಂದಿರುವೆನು. ಶ್ರೀಮಠದ ಉತ್ಸವದಲ್ಲಿ ಪರಮತದ ಪ್ರಸ್ತಾಪವೇಕೆಂದು ಕೆಲವರಿಗೆ ತೋರಬಹುದು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಜನರಾದ ನಮಗೆ ಈ ನೆರೆಯು ಹೊಸದಲ್ಲ. 17ನೆಯ ಶತಮಾನದಲ್ಲಿ ಗೋವೆಯಿಂದ ಬಂದ ಕ್ರೈಸ್ತ ಒಕ್ಕಲುಗಳು ಕೆಳದಿಯ ಅರಸರ ಆಳ್ವಿಕೆಗೆ ಸೇರಿದ್ದ ಕರಾವಳಿಯಲ್ಲಿ ನೆಲೆಯೂರಿ ಬೇಸಾಯಮಾಡಿದರು. ಬಿದನೂರಿನಲ್ಲಿ ರಾಣಿ ಚೆನ್ನಮ್ಮಾಜಿಯವರು ರಾಜ್ಯವಾಳುತ್ತಿದ್ದಾಗಲೇ, 1681ರಿಂದ 1684ರವರೆಗೆ, ಜೋಸೆಫ್ ವಾಸ್ ಎಂಬ ಪಾದ್ರಿಗಳು ಕನ್ನಡ ಕರಾವಳಿಯಲ್ಲಿ ಸಂಚರಿಸಿ ತಮ್ಮವರ ಧರ್ಮಕಾರ್ಯಗಳನ್ನು ನಡೆಯಿಸಿದರು. 1988ರಲ್ಲಿ ಶಿವಮೊಗ್ಗದ ಧರ್ಮಪ್ರಾಂತ್ಯವು ಸ್ಥಾಪಿತವಾದಂದಿನಿಂದ ನಮ್ಮ ಈ ಮೂರು ತಾಲ್ಲೂಕುಗಳ ಕಥೋಲಿಕರು ಅದಕ್ಕೆ ಸೇರಿರುವರು. ಒಂದೇ ಮಳೆಯ ನೀರನ್ನು ಕುಡಿದು ಬದುಕುವ ನೆರೆಹೊರೆಯವರು ಒಬ್ಬರಿಂದೊಬ್ಬರು ಕಲಿಯುವುದು ಲೋಕಧರ್ಮವೇ ಆಗಿರುವುದು.

ಮೊದಲು ಕ್ರೈಸ್ತರ ಮೇಲೆ ಬಂದ ಆಕ್ಷೇಪವನ್ನು ಹೇಳುವೆನು. 1967ರಲ್ಲಿ ಲಿನ್ ವೈಟ್ ಎಂಬ ಅಮೆರಿಕದ ಇತಿಹಾಸಜ್ಞರು ಒಂದು ಲೇಖನವನ್ನು ಬರೆದರು. ಭೂಮಿಯೂ ಪ್ರಾಣಿಗಳೂ ಮನುಷ್ಯನ ಆಳ್ವಿಕೆಗೆ ಒಪ್ಪಿಸಲ್ಪಟ್ಟಿವೆಯೆಂದು ಪಾಶ್ಚಾತ್ಯ ಕ್ರೈಸ್ತರು ತಮ್ಮ ಶಾಸ್ತ್ರವನ್ನು ಅರ್ಥಮಾಡಿಕೊಂಡುದೇ ಪ್ರಕೃತಿಯ ನಾಶಕ್ಕೆ ಮೂಲವೆಂದು ಅವರ ವಾದ. ಬರೆದವರು ಸ್ವತಃ ಕ್ರೈಸ್ತರು. ಆದುದರಿಂದ ಅವರು ಬರಿದೇ ದೂಷಿಸಿ ಸುಮ್ಮನಾಗದೆ, ಹಕ್ಕಿ ಮೃಗಗಳನ್ನು ಒಡಹುಟ್ಟಿದವರೆಂದು ಕಂಡ ಅಸ್ಸೀಸಿಯ ಸಂತ ಫ್ರಾನ್ಸಿಸನನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕೆಂದು ಸೂಚಿಸಿದರು. ಆ ಆಕ್ಷೇಪವು ವ್ಯರ್ಥವಾಗಲಿಲ್ಲ. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಅದೇ ಸಂತನನ್ನು ಪರಿಸರಸೇವಕರ ಪಾಲಕನೆಂದು ಸಾರಿದರು. 1989ರಲ್ಲಿ ಪೂರ್ವದೇಶದ ಆರ್ಥೊಡಾಕ್ಸ್ ಸಭೆಯ ಮುಖ್ಯಾಧ್ಯಕ್ಷರಾದ ದಿಮಿತ್ರಿಯೋಸರು ಸೆಪ್ಟೆಂಬರ್ 1ನೆಯ ದಿನವನ್ನು ಸೃಷ್ಟಿಯ ರಕ್ಷಣೆಗಾಗಿ ಪ್ರಾರ್ಥಿಸುವ ದಿನವೆಂದು ಗೊತ್ತುಮಾಡಿದರು. 2015ರಲ್ಲಿ ಅಂದಿನ ಪೋಪ್ ಫ್ರಾನ್ಸಿಸರು ‘ಲೌದಾತೊ ಸೀ’ ಎಂಬ ಪತ್ರದಲ್ಲಿ ಭೂಮಿಯನ್ನು ಎಲ್ಲರ ಮನೆಯೆಂದು ಕರೆದು, ಅದರ ಹಾಳಿನಿಂದ ಮೊದಲು ನೋಯುವವರು ಬಡವರೆಂದು ತೋರಿಸಿಕೊಟ್ಟರು. ಅದೇ ವರ್ಷ ಸೆಪ್ಟೆಂಬರ್ 1ನ್ನು ಕಥೋಲಿಕರೂ ಪ್ರಾರ್ಥನಾದಿನವಾಗಿ ಸ್ವೀಕರಿಸಿದರು.

ಆದರೆ ಪತ್ರದಿಂದಲೂ ಪ್ರಾರ್ಥನೆಯಿಂದಲೂ ಮಾತ್ರ ಮರವುಳಿಯುವುದೆ ಎಂದು ಕೇಳುವವರಿರುವರು. ಅವರಿಗಾಗಿ ಇಥಿಯೋಪಿಯ ದೇಶದ ಸಂಗತಿಯನ್ನು ಹೇಳುವೆನು. ಆ ದೇಶಕ್ಕೆ ಕ್ರೈಸ್ತಮತವು 4ನೆಯ ಶತಮಾನದಲ್ಲಿಯೇ ಬಂದಿತು. ಅದರ ಉತ್ತರಭಾಗದ ಎತ್ತರದ ಸೀಮೆಯಲ್ಲಿ ಹಿಂದಿನ ಕಾಡೆಲ್ಲವೂ ಕಡಿದುಹೋಗಿ ಹೊಲಗಳೂ ಗೋಮಾಳಗಳೂ ಆಗಿರುವುವು. ಬೆಟ್ಟದ ಮೇಲೆ ನಿಂತು ನೋಡಿದರೆ ಬರಿಯ ಮಣ್ಣಿನ ನಡುವೆ ಅಲ್ಲಲ್ಲಿ ಹಸುರಿನ ದ್ವೀಪಗಳು ಕಾಣುವುವು. ಒಂದೊಂದರ ನಡುವೆಯೂ ಒಂದೊಂದು ಇಗರ್ಜಿಯಿರುವುದು. ದಕ್ಷಿಣ ಗೊಂಡರ್ ಸೀಮೆಯೊಂದರಲ್ಲಿಯೇ ಇಂತಹ ಕಾಡುಗಳು ಸಾವಿರಕ್ಕೂ ಮಿಕ್ಕಿರುವುವು. ಕಾಡು ಆಲಿವ್, ಜೂನಿಪರ್ ಮೊದಲಾದ ಆ ನೆಲದ ಮರಗಳು ಇಲ್ಲಿಯೇ ಉಳಿದುಕೊಂಡಿವೆ. ಇಗರ್ಜಿಗೆ ಕಾಡೇ ಉಡುಪು, ಅದಿಲ್ಲದಿದ್ದರೆ ದೇವರ ಮನೆಯು ಬತ್ತಲೆಯೆಂದು ಅಲ್ಲಿಯ ಭಕ್ತರ ಭಾವನೆ. ಆದರೂ ದನಗಳು ನುಗ್ಗಿ ಸಸಿಗಳನ್ನು ಮೇದುವು. ನೇಗಿಲು ವರ್ಷವರ್ಷವೂ ಅಂಚನ್ನು ಒತ್ತಿತು. ಆದಾಯದ ಆಸೆಗೆ ಇಗರ್ಜಿಯ ನೆಲದಲ್ಲಿಯೇ ನೀಲಗಿರಿಯನ್ನು ನೆಟ್ಟುದೂ ಉಂಟು. ಆಗ ಆ ದೇಶದ ಅರಣ್ಯವಿಜ್ಞಾನಿ ಆಲೆಮಾಯೆಹು ವಾಸ್ಸಿಯವರೂ ಅಮೆರಿಕದ ಮಾರ್ಗರೆಟ್ ಲೋಮನ್ ಅವರೂ ಪಾದ್ರಿಗಳೊಡನೆ ಕುಳಿತು ಆಲೋಚಿಸಿದರು. ಊರವರು ತಮ್ಮ ಹೊಲಗಳಲ್ಲಿ ನೇಗಿಲಿಗೆ ಅಡ್ಡವಾಗಿದ್ದ ಕಲ್ಲುಗಳನ್ನು ಹೊತ್ತುತಂದು ಕಾಡಿನ ಸುತ್ತ ಒಣಗೋಡೆಯನ್ನು ಕಟ್ಟಿದರು. ಹೊಲವೂ ಹಸನಾಯಿತು, ಕಾಡಿಗೂ ಎಲ್ಲೆಯಾಯಿತು.

ಮಹಾಶಯರೆ, ಇದನ್ನು ಕೇಳುವಾಗ ನಮ್ಮ ಕಾನುಗಳು ನೆನಪಿಗೆ ಬಾರದಿರುವುವೆ? 1801ರಲ್ಲಿ ಉತ್ತರ ಕನ್ನಡದಲ್ಲಿ ಸಂಚರಿಸಿದ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು, ಅಲ್ಲಿಯ ಕಾಡುಗಳು ಆಯಾ ಊರಿನ ದೇವರ ಸ್ವತ್ತೆಂದೂ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂದೂ ಜನರು ನಂಬಿದ್ದುದನ್ನು ಬರೆದಿಟ್ಟಿರುವನು. 1868ರಲ್ಲಿ ಬ್ರಾಂಡಿಸ್ ಎಂಬ ಅರಣ್ಯಾಧಿಕಾರಿಯು ನಮ್ಮ ನೆರೆಯ ಸೊರಬದ ಕಾನುಗಳನ್ನು ಕುರಿತೇ ಒಂದು ವರದಿಯನ್ನು ಬರೆದನು. ಕಾಳುಮೆಣಸು, ದಾಲ್ಚಿನ್ನಿ, ಬೈನೆ, ಜೇನು ಇವುಗಳನ್ನು ಕೊಡುತ್ತಿದ್ದ ಈ ನಿತ್ಯಹಸುರಿನ ಕಾನುಗಳಲ್ಲಿ ಗ್ರಾಮದೇವತೆಯೂ ಇದ್ದಳು, ನೀರಿನ ಹುಟ್ಟೂ ಇದ್ದಿತು. ಕಾನಿನ ನೆಲವು ತರಗೆಲೆಯ ಹೊದಿಕೆಯ ಕೆಳಗೆ ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ಮೆಲ್ಲಮೆಲ್ಲನೆ ಬಿಟ್ಟುಕೊಡುವುದು. ಅದರಿಂದಲೇ ಕಣಿವೆಯ ಅಡಕೆಯ ತೋಟವು ಬದುಕುವುದು.

ಆ ಕಾನುಗಳು ಇಂದು ಏನಾಗಿವೆ? 1964ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳೊಡನೆ ಕಾಡುಗಳೂ ಮುಳುಗಿದುವು. ಅದು ಸರ್ಕಾರದ ಕಾರ್ಯವೆನ್ನೋಣ. ಆದರೆ ಸೊಪ್ಪು ದರಕಿಗೆಂದು ಕಾನನ್ನು ಬೋಳಿಸಿದವರೂ, ತೋಟದ ಬೇಲಿಯನ್ನು ವರ್ಷಕ್ಕೊಂದು ಮಾರು ಮುಂದಕ್ಕೆ ಸರಿಸಿದವರೂ ನಾವೇ ಅಲ್ಲವೆ? ದೇವಿಯು ಮರದ ಬುಡದಲ್ಲಿದ್ದಾಗ ಕಾನೆಲ್ಲವೂ ಗುಡಿಯಾಗಿದ್ದಿತು. ಕೆಲವು ಊರುಗಳಲ್ಲಿ ಆಕೆಗೆ ಸಿಮೆಂಟಿನ ಗುಡಿಯನ್ನು ಕಟ್ಟಿದ ಮೇಲೆ ಭಕ್ತಿಯು ಗೋಡೆಯೊಳಕ್ಕೆ ಸೇರಿ, ಹೊರಗಿನ ಮರಗಳು ಬರಿಯ ನಾಟವಾಗಿ ತೋರತೊಡಗಿದುವು. ಗುಡ್ಡಗಳ ಮೇಲೆ ನೀಲಗಿರಿಯೂ ಅಕೇಶಿಯವೂ ಎದ್ದುವು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವುದಾದರೂ, ನೀರನ್ನು ಹಿಡಿದಿಡುವ ಕಾಡು ಹೋದ ಮೇಲೆ ಸುರಿದ ಮಳೆಯು ಹರಿದು ಸಮುದ್ರವನ್ನು ಸೇರುವುದೇ ಹೊರತು ನಮ್ಮ ಬಾವಿಗೆ ಇಳಿಯದು.

ಇಥಿಯೋಪಿಯದ ಇಗರ್ಜಿಗಳಿಂದ ನಾವು ತಿಳಿಯತಕ್ಕುದು ಇದು: ಪೂಜಿಸುವ ಸ್ಥಳವೆಂದರೆ ಕಟ್ಟಡ ಮಾತ್ರವಲ್ಲ, ಅದರ ಸುತ್ತಣ ನೆಲವೂ ಜಲವೂ ಅದರೊಳಗೆ ಸೇರಿರುವುವು, ಮತ್ತು ಭಾವನೆಯೊಂದೇ ಸಾಲದು, ಎಲ್ಲೆಯನ್ನು ಕೈಯಾರೆ ಕಟ್ಟಬೇಕು. ನಮ್ಮಲ್ಲಿ ಕಾಯಕವೆಂಬ ಮಾತಿರುವುದು. ಕಾನಿನ ಎಲ್ಲೆಗೆ ಕಲ್ಲು ಹೊರುವುದೂ ಕಾಯಕವೇ.

ಆದುದರಿಂದ ಶಿಷ್ಯಸಮುದಾಯದಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಪ್ರತಿಯೊಂದು ಊರಿನವರೂ ತಮ್ಮ ಕಾನು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಹಿರಿಯರಿಂದ ಕೇಳಿ, ಕಾಗದಪತ್ರಗಳನ್ನು ನೋಡಿ, ಎಲ್ಲರೆದುರಿಗೆ ಗೊತ್ತುಮಾಡಿಕೊಳ್ಳಲಿ. ಒತ್ತಿದವರು ನಮ್ಮವರೇ ಆದರೂ ಮುಖನೋಡದೆ ಬಿಡಿಸಲಿ. ದಾಸೋಹದ ಒಲೆಗೆ ಕಾನಿನ ಹಸಿಮರವನ್ನು ತಾರದಿರಲಿ. ಇಗರ್ಜಿಯಿರುವ ಊರುಗಳಲ್ಲಿ ಪಾದ್ರಿಗಳನ್ನೂ ಅವರ ಸಭೆಯವರನ್ನೂ ಕರೆದು ಕೂಡಿ ಕೆಲಸಮಾಡಲಿ. ಅವರಿಗೆ ಸೆಪ್ಟೆಂಬರ್ 1ರ ಪ್ರಾರ್ಥನೆಯಿರುವುದು, ನಮಗೆ ಕಾನಿನ ಪೂಜೆಯಿರುವುದು. ಹಳ್ಳದ ನೀರು ಇಬ್ಬರಿಗೂ ಒಂದೇ.