ಬಿದಿರು ಚಾಪೆಯ ಶೀಟು



ನಮ್ಮ ಹುಣಸೂರು, ಎಚ್.ಡಿ. ಕೋಟೆ ಕಡೆ ಬಿದಿರು ಅಂದ್ರೆ ಮೊರ, ಬುಟ್ಟಿ, ತಟ್ಟಿ. ಅದೇ ಬಿದಿರಿನ ಚಾಪೆಯಿಂದ ಮನೆಗೆ ಹೊದಿಸೋ ಶೀಟು ಮಾಡುವ ವಿಧಾನವನ್ನು ಬೆಂಗಳೂರಿನಲ್ಲಿ 1962ರಲ್ಲಿ ಶುರುವಾದ ಪ್ಲೈವುಡ್ ಸಂಶೋಧನಾ ಸಂಸ್ಥೆಯವರು ರೂಪಿಸಿದರು. ಚಾಪೆಯನ್ನು ಒಣಗಿಸಿ, ಫೀನಾಲ್ ಅಂಟಿನಲ್ಲಿ ಅದ್ದಿ, ಮತ್ತೆ ಒಣಗಿಸಿ, ಒಂದರ ಮೇಲೊಂದು ಇಟ್ಟು ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಬಿದಿರಿನ ನಾರು ಬಲ ಕೊಡುತ್ತೆ, ಅಂಟು ನೀರು ತಡೆಯುತ್ತೆ. ತಗಡಿನಷ್ಟು ಕಾಯೋದೂ ಇಲ್ಲ.

ಒತ್ತುವ ಯಂತ್ರ ನಮ್ಮ ಸಂಘಗಳ ಕೈಗೆ ಎಟುಕೋದಲ್ಲ. ಅದಕ್ಕೆ ಸಾಲ ಎತ್ತುವುದು ಬೇಡ ಅಂತಲೇ ನಮ್ಮ ಅಭಿಪ್ರಾಯ. ಚಾಪೆ ಹೆಣೆಯೋದು ನಮ್ಮಿಂದ ಆಗುತ್ತೆ. ಆದರೆ ಚಾಪೆ ಹಸಿಯಿದ್ದರೆ ಅಚ್ಚಿನಲ್ಲಿ ತೇವ ಆವಿಯಾಗಿ ಪದರ ಬಿಟ್ಟುಕೊಳ್ಳುತ್ತೆ, ಮಾಲು ಕೆಡುತ್ತೆ. ಮಳೆಗಾಲದಲ್ಲಿ ಎಲ್ಲಿ ಒಣಗಿಸೋಣ? ಕೊಳ್ಳುವವರು ಯಾರು, ಚಾಪೆಗೆ ಎಷ್ಟು ಕೊಡ್ತಾರೆ? ಬಿದಿರು ತರುವ ಮೊದಲೇ ಸಂಘದ ಸಭೆಯಲ್ಲಿ ಕೂತು ಲೆಕ್ಕ ಹಾಕಿ, ನಡಾವಳಿ ಪುಸ್ತಕದಲ್ಲಿ ಬರೆದಿಡಿ.