ಬಸ್ಸು ನಿಂತರೂ ಚಿಕಿತ್ಸೆ ನಿಲ್ಲಬಾರದು



1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಯಿತು. ತಾಲ್ಲೂಕು ಯಾವುದಾದರೂ ದೊಡ್ಡ ಆಸ್ಪತ್ರೆಗೆ ಹೋಗಲು ನಮ್ಮಂಥವರಿಗೆ ಬಸ್ಸೇ ಗತಿ.

2020ರ ಮಾರ್ಚ್ 25ರಿಂದ ಕೊರೋನಾ ಲಾಕ್‌ಡೌನ್ ಬಂದು ಆ ಬಸ್ಸೇ ನಿಂತಿತು. ಲಕ್ವ ಹೊಡೆದವರಿಗೆ, ಹುಟ್ಟಿನಿಂದ ಕೈಕಾಲು ಬಿಗಿದ ಮಕ್ಕಳಿಗೆ ವ್ಯಾಯಾಮ ದಿನವೂ ಬೇಕು. ಬಿಟ್ಟರೆ ಕೀಲು ಮತ್ತೆ ಬಿಗಿಯುತ್ತೆ. ಭದ್ರಾ ನಾಲೆಯ ಹೂಳು ತೆಗೆಯದಿದ್ದರೆ ಕೊನೇ ಗದ್ದೆಗೆ ನೀರು ಬರುತ್ತಾ? ಹಾಗೇ ಇದು.

ಆಗ ನಿರ್ದೇಶಕರಾದ ನಾವು ಗೊಬ್ಬರ ಕೊಟ್ಟೆವು, ಸಾಲದ ಲೆಕ್ಕ ನೋಡಿದೆವು. ಮನೆಯೊಳಗೆ ಮಲಗಿದ್ದವರನ್ನು ವಿಚಾರಿಸಲಿಲ್ಲ. ಅದು ನಮ್ಮ ತಪ್ಪು, ಒಪ್ಪಿಕೊಳ್ತೇವೆ.

ವಿಕಲಚೇತನರಿಗಾಗಿ ಪಂಚಾಯ್ತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. 2016ರ ಕಾಯ್ದೆ 21 ಬಗೆಯ ಅಂಗವಿಕಲತೆಯನ್ನು ಗುರುತಿಸಿದೆ. ಯಾರ ಮನೆಯಲ್ಲಿ ಯಾರಿದ್ದಾರೆ ಎಂಬುದು ಆ ಕಾರ್ಯಕರ್ತರಿಗೆ ಗೊತ್ತು. ಜಾಗ ನಮ್ಮ ಸಂಘದಲ್ಲಿದೆ. ತಿಂಗಳಿಗೊಂದು ದಿನ ಗೋದಾಮಿನ ಪಡಸಾಲೆ ಬಿಟ್ಟುಕೊಡೋಣ, ಫಿಸಿಯೋಥೆರಪಿ ಬಲ್ಲವರನ್ನು ಕರೆಸಿ ಮನೆಯವರಿಗೇ ವ್ಯಾಯಾಮ ಕಲಿಸೋಣ. ಮನೆಯವರು ಕಲಿತರೆ ನಾಳೆ ಬಸ್ಸು ನಿಂತರೂ ಚಿಕಿತ್ಸೆ ನಿಲ್ಲೋದಿಲ್ಲ.

ಬೆಳ್ಳಿಹಬ್ಬದ ನೆನಪಿಗೆ ಇದೊಂದು ಕೆಲಸ ಮಾಡೋಣ ಎಂದು ಕೇಳಿಕೊಳ್ಳುತ್ತಾ ಮಾತು ಮುಗಿಸುತ್ತೇವೆ. ಜೈ ಸಹಕಾರ.